ನೊಣಕ್ಕೆ ಸಜ್ಜಕ ಮಾಡುತ್ತಿದ್ದ ಸುಶೀಲಾ ಮೇಡಂ

ಸೋಮವಾರ ಬೆಳಿಗ್ಗೆ ಕಮಲಾಪುರದಿಂದ ಕಲಬುರಗಿಗೆ ಬರುವ ಬಸ್ಸು ಎಷ್ಟೇ ತುಂಬಿದ್ದರೂ ಸುಶೀಲಾ ಮೇಡಂ ಅವರ ಪಕ್ಕದ ಸೀಟು ಮಾತ್ರ ಖಾಲಿ ಇರುತ್ತಿತ್ತು. ಅವರ ತೊಡೆಯ ಮೇಲಿನ ಕೈಚೀಲವೇ ಅದಕ್ಕೆ ಕಾರಣ. ಸಂತೆಯಲ್ಲಿ ಯಾರೂ ಕೊಳ್ಳದೆ ಉಳಿದು, ಸಿಪ್ಪೆ ಕಪ್ಪಾಗಿ ಒಡೆದ ಕೆಂಪು ಬಾಳೆಹಣ್ಣುಗಳನ್ನು ಅದರಲ್ಲಿ ತುಂಬಿಕೊಂಡು ಬರುತ್ತಿದ್ದರು. ಹಣ್ಣಿನ ಜೊತೆ ಸಾಸಿವೆಯಷ್ಟು ಸಣ್ಣ ನೊಣಗಳೂ ಟಿಕೆಟ್ಟಿಲ್ಲದೆ ಪ್ರಯಾಣ ಮಾಡುತ್ತಿದ್ದವು. ಒಮ್ಮೆ ಕಂಡಕ್ಟರ್ ತಾಳಲಾರದೆ ಕೇಳಿದನಂತೆ: "ಮೇಡಂ ರೀ, ಇವು ತಿನ್ನೋ ಹಣ್ಣೋ, ಒಗಿಯೋ ಹಣ್ಣೋ?"

"ಎರಡೂ ಅಲ್ಲಪಾ. ನನಗ ಹಣ್ಣು ಬೇಕಾಗಿಲ್ಲ, ನೊಣ ಬೇಕಾಗ್ಯಾವ," ಎಂದರಂತೆ ಮೇಡಂ. ಅಂದಿನಿಂದ ಕಂಡಕ್ಟರನೂ ಟಿಕೆಟ್ಟನ್ನು ಕೈ ಉದ್ದ ಚಾಚಿಯೇ ಕೊಡುತ್ತಿದ್ದನೆಂದು ಹೇಳಿ ಅವರೇ ನಗುತ್ತಿದ್ದರು.

ಅವರು ಕಲಬುರಗಿಯ ಜಗತ್ ಸರ್ಕಲ್ ಕಡೆಯ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದರು. ಎಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಅಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ಗಾಜಿಪುರದ ನಮ್ಮ ಓಣಿಯಿಂದ ದಿನಾ ನಡೆದುಕೊಂಡು ಹೋಗುತ್ತಿದ್ದೆ. ಡಾಕ್ಟರಿ ಸೀಟು ಸಿಗದವರೆಲ್ಲ ಬಂದು ಸೇರುವ ವಿಷಯ ಅದು. ನಾನೂ ಹಾಗೇ ಮುಖ ಸಣ್ಣದು ಮಾಡಿಕೊಂಡು ಸೇರಿದವಳು. ಮೇಡಂ ಅವರ ಪ್ರಯೋಗಶಾಲೆಗೆ ಕಾಲಿಟ್ಟ ಮೊದಲ ವಾರವೇ ಆ ಸಣ್ಣ ಮುಖ ಎಲ್ಲಿ ಹೋಯಿತೋ ತಿಳಿಯದು.

ಹಣ್ಣಿನ ನೊಣಗಳನ್ನು ಅವರು ಹಳೆಯ ಹಾಲಿನ ಬಾಟಲಿಗಳಲ್ಲಿ ಸಾಕುತ್ತಿದ್ದರು. ಬಾಯಿಗೆ ಅರಳೆಯ ಮುಚ್ಚಳ. ನೊಣಗಳ ಆಹಾರಕ್ಕೆ ಗೋಧಿ ರವೆ ಮತ್ತು ಬೆಲ್ಲ ಹಾಕಿ, ಗಟ್ಟಿಯಾಗಲು ಅಗರ್ ಪುಡಿ ಸೇರಿಸಿ, ಸ್ಟೋವಿನ ಮೇಲೆ ತಾವೇ ಕುದಿಸುತ್ತಿದ್ದರು. ಆ ವಾಸನೆ ಥೇಟ್ ನಮ್ಮ ಮನೆಗಳಲ್ಲಿ ಬಸುರಿಯರ ಕುಬಸಕ್ಕೆ ಮಾಡುವ ಸಜ್ಜಕದ್ದು. ಪಕ್ಕದ ರಸಾಯನಶಾಸ್ತ್ರದ ಸರ್ ಒಬ್ಬರು ಮೂಗರಳಿಸಿಕೊಂಡು ಬಾಗಿಲಿಗೆ ಬಂದು, "ಇವತ್ತ ಯಾರ ಕುಬಸ ಅದ ರೀ ಇಲ್ಲಿ?" ಎಂದು ಕೇಳುತ್ತಿದ್ದರು. ಮೇಡಂ ಸೌಟು ಆಡಿಸುತ್ತಲೇ, "ನೊಣದ್ದು ರೀ ಸರ್. ತತ್ತಿ ಇಡೋ ಹೊತ್ತು ಬಂದದ," ಎನ್ನುತ್ತಿದ್ದರು. ಕಾಲೇಜಿನ ಹುಡುಗರು ಅವರಿಗೆ 'ಸಜ್ಜಕದ ಮೇಡಂ' ಎಂದು ಹೆಸರಿಟ್ಟಿದ್ದರು. ಅದು ಅವರಿಗೂ ಗೊತ್ತಿತ್ತು. ಗೊತ್ತಿದ್ದೇ ಒಂದು ದಿನ ನಿಜವಾದ ಸಜ್ಜಕವನ್ನೇ ಡಬ್ಬಿಯಲ್ಲಿ ತಂದು ಎಲ್ಲರಿಗೂ ತಿನ್ನಿಸಿದರು. ಅರ್ಧ ಹುಡುಗರು ಬಾಯಿಗೆ ಹಾಕಲು ಹೆದರಿದ್ದರು.

ಗಿಡ್ಡ ಆಳು, ದುಂಡು ಮುಖ. ಸೆರಗಿನ ತುದಿ ಯಾವಾಗಲೂ ಸೀಮೆಸುಣ್ಣದಿಂದ ಬೆಳ್ಳಗಾಗಿರುತ್ತಿತ್ತು. ನಕ್ಕರೆ ಆಫೀಸಿನ ತನಕ ಕೇಳಿಸುತ್ತಿತ್ತು. ನಲವತ್ತು ದಾಟಿದ ಮೇಲೆ ಲೂನಾ ಗಾಡಿ ಕಲಿತು, ಜಗತ್ ಸರ್ಕಲ್ಲಿನ ನಡುವೆ ನಿಂತುಹೋದ ಗಾಡಿಯ ಮೇಲೆ ಕೂತೇ ಪೊಲೀಸಿನವನಿಗೆ, "ತಮ್ಮಾ, ಜರಾ ದೂಡು, ನನ್ನ ಕ್ಲಾಸ್ ಅದ," ಎಂದು ಹೇಳಿ ದೂಡಿಸಿಕೊಂಡು ಬಂದ ಹೆಂಗಸು. ಮದುವೆ ಯಾಕೆ ಆಗಲಿಲ್ಲ ಎಂದು ಯಾರಾದರೂ ಕೇಳಿದರೆ, "ಆ ಹೊತ್ತಿನಾಗ ಓದ್ಲಾಕತ್ತಿದ್ದೆ. ಪುಸ್ತಕದಿಂದ ತಲಿ ಎತ್ತಿ ನೋಡೋದ್ರಾಗ ಎಲ್ಲರ ಮದುವಿ ಮುಗದು ಹೋಗಿತ್ತು," ಎಂದು ಬಿಡುತ್ತಿದ್ದರು.

ಅವರ ಒಂದು ಅಭ್ಯಾಸ ಬೇರೆ ಯಾವ ಮೇಷ್ಟರಲ್ಲೂ ನಾನು ಕಂಡಿಲ್ಲ. ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಯಾರಾದರೂ ಕೇಳಿದರೆ ಅವರ ಕಣ್ಣು ಅಗಲವಾಗುತ್ತಿತ್ತು. "ನನಗ ಗೊತ್ತಿಲ್ಲ!" ಎಂದು ಮಗ ಪಾಸಾದ ಸುದ್ದಿ ಹೇಳುವವರ ಹಾಗೆ ಕೂಗುತ್ತಿದ್ದರು. ಮರುವಾರದೊಳಗೆ ಊರಾಚೆಯ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಹೋಗಿ, ಓದಿ, ಬಂದು, ಕೇಳಿದವರನ್ನು ಎಬ್ಬಿಸಿ ನಿಲ್ಲಿಸಿ ಉತ್ತರ ಹೇಳುತ್ತಿದ್ದರು. ಕೆಲವು ಸಲ, "ಅವರಿಗೂ ಗೊತ್ತಿಲ್ಲಂತ!" ಎಂದು ಇನ್ನೂ ಜೋರಾಗಿ ಸಂಭ್ರಮಪಡುತ್ತಿದ್ದರು.

ಒಮ್ಮೆ ಮೈಸೂರಿನ ಗೆಳತಿಯೊಬ್ಬರಿಂದ ಒಂದು ಬಾಟಲಿ ವಿಶೇಷ ನೊಣಗಳನ್ನು ತರಿಸಿದರು. ಅವಕ್ಕೆ ಮಂಪರು ಬರಿಸಿ, ಸೂಕ್ಷ್ಮದರ್ಶಕದ ಕೆಳಗೆ ಇಟ್ಟು, ನಮ್ಮನ್ನು ಒಬ್ಬೊಬ್ಬರಾಗಿ ಕರೆದರು. ನಾನು ಕಣ್ಣಿಟ್ಟು ನೋಡಿ ಚೀರಿದೆ. ನೊಣದ ತಲೆಯ ಮೇಲೆ ಕುಡಿಮೀಸೆಗಳಿರಬೇಕಾದಲ್ಲಿ ಎರಡು ಕಾಲು ಮೂಡಿದ್ದವು. ಸರಿಯಾದ, ಗಂಟು ಗಂಟಾದ, ತುದಿಯಲ್ಲಿ ಉಗುರಿರುವ ಕಾಲು.

"ಕಾಲಿನಾಗ ಏನರೇ ತಪ್ಪದ ಏನು? ನೋಡು," ಎಂದರು ಮೇಡಂ.

"ಇಲ್ಲ ಮೇಡಂ. ಕಾಲು ಬರೋಬ್ಬರಿ ಅದ."

"ಹೌದಲ್ಲ? ಕಟ್ಟೋ ಕೆಲಸ ಬರೋಬ್ಬರಿ ಮಾಡ್ಯಾದ. ಜಾಗಾ ತಪ್ಪ್ಯಾದ, ಅಷ್ಟೇ. 'ಇಲ್ಲಿ ಕಾಲು ಕಟ್ಟು' ಅಂತ ಎದಿ ಕಡಿ ಹೇಳಬೇಕಾದ ಜೀನು ತಲಿಯಾಗ ಎದ್ದು ಕುಂತದ."

ಅದಾದ ಸ್ವಲ್ಪ ದಿನಕ್ಕೆ ಅವರು ಗ್ರಂಥಾಲಯದಿಂದ ಸೀದಾ ತರಗತಿಗೆ ಬಂದರು. ಮುಖ ಬೆವತಿತ್ತು, ಚೀಲ ಇನ್ನೂ ಹೆಗಲ ಮೇಲೇ ಇತ್ತು. ಅಂದಿನ ಪಾಠ ಕಪ್ಪೆಯ ರಕ್ತಪರಿಚಲನೆ. ಕಪ್ಪೆಯನ್ನು ಅವರು ಮರೆತೇಬಿಟ್ಟಿದ್ದರು. ನೊಣಕ್ಕೆ ರೆಕ್ಕೆ ಮೂಡಿಸುವ ಒಂದು ಜೀನು, ಇಲಿಗಳ ಎದೆಯ ಕ್ಯಾನ್ಸರ್ ಗಡ್ಡೆಯಲ್ಲಿ ಸಿಕ್ಕ ಇನ್ನೊಂದು ಜೀನು. ಬೇರೆ ಬೇರೆ ದೇಶದವರು ಬೇರೆ ಬೇರೆ ಕಾರಣಕ್ಕೆ ಹುಡುಕಿದ್ದು. ಪಕ್ಕಪಕ್ಕ ಇಟ್ಟು ನೋಡಿದರೆ ಎರಡೂ ಒಂದೇ.

"ತಿಳೀತೇನ್ರೋ? ಕ್ಯಾನ್ಸರ್ ಅಂದ್ರ ಹೊರಗಿಂದ ಬಂದ ಕಳ್ಳ ಅಂತ ತಿಳ್ಕೊಂಡಿದ್ದೆ ನಾ. ಹಂಗಲ್ಲ! ಹೊಟ್ಟ್ಯಾಗ ಕೂಸು ಕಟ್ಟೋ ಜೀನುಗಳೇ ಅವು. ಕೈ ಕಟ್ಟತಾವ, ಕಣ್ಣು ಕಟ್ಟತಾವ, ಕಟ್ಟಿ ಮುಗದ ಮ್ಯಾಲ ಸುಮ್ಮನಾಗತಾವ. ಸುಮ್ಮನಾಗಬೇಕಾದಾಗ ಆಗಲಿಲ್ಲಂದ್ರ, ಇಲ್ಲಾ ಆದದ್ದು ಮತ್ತ ಎದ್ದರ, ಅದೇ ತಕಲೀಫು."

ನಾವು ಸಿಲಬಸ್ಸಿನಲ್ಲಿ ಇಲ್ಲದ್ದೆಂದು ಬರೆದುಕೊಳ್ಳಲೂ ಇಲ್ಲ. ಅವರ ಸಂಭ್ರಮ ಮಾತ್ರ ನೆನಪಿನಲ್ಲಿ ಉಳಿಯಿತು.

ಮೇಡಂ ಅವರ ಊರು ಕಮಲಾಪುರವೇ. ಬೌದ್ಧರ ಮನೆ, ಗೋಡೆಯ ಮೇಲೆ ಬುದ್ಧನ ಪಟ, ಕೆಳಗೆ ಮೇಡಂ ಅವರ ಪದವಿಯ ಫೋಟೋ. ತಾಯಿ ಭಾಗಮ್ಮ ಊರ ಒಕ್ಕಲುತನದವರ ಹೊಲಗಳಲ್ಲಿ ಜೀವಮಾನವೆಲ್ಲ ಕೂಲಿ ಮಾಡಿದವರು. ಆ ಒಕ್ಕಲುತನದವರ ಮನೆಯ ಹೊರಗಿನ ಕಟ್ಟೆ ದಾಟಿ ಒಳಗೆ ಹೋಗುವ ರೂಢಿ ಭಾಗಮ್ಮನವರ ಕೇರಿಯವರಿಗೆ ಇರಲಿಲ್ಲ. ಮೇಡಂ ಕಲಬುರಗಿಯಲ್ಲಿ ಬಾಡಿಗೆ ಮನೆ ಮಾಡಿದ್ದರೂ ಭಾನುವಾರ ತಾಯಿಯ ಹತ್ತಿರ ಹೋಗಿ, ಸೋಮವಾರ ಬಾಳೆಹಣ್ಣಿನ ಚೀಲದೊಂದಿಗೆ ಮರಳುತ್ತಿದ್ದರು.

ನಮ್ಮ ಶಾಂತಕ್ಕನನ್ನು ಕೊಟ್ಟದ್ದೂ ಕಮಲಾಪುರಕ್ಕೇ, ಅಂಥದೇ ಒಂದು ಒಕ್ಕಲುತನದ ಮನೆಗೆ. ಭಾವ ಶಿವರಾಯ ಮಿತಭಾಷಿ. ಮನೆಯ ಮಾತೆಲ್ಲ ಅವನ ತಾಯಿ ಗಂಗಮ್ಮ ಆಯಿಯದು. ನಾನು ಓದು ಮುಗಿಸಿ ಶಾಲೆಯೊಂದರಲ್ಲಿ ಕೆಲಸಕ್ಕೆ ಸೇರಿದ್ದ ಕಾಲ. ಅಕ್ಕನ ಮಗಳು ಅಂಬಿಕಾಗೆ ಆಗ ಮೂರು ವರ್ಷ. ಒಂದು ದಿನ ಅವಳಿಗೆ ನೀರೆರೆಯುವಾಗ ಅಕ್ಕನ ಕೈಗೆ ಹೊಟ್ಟೆಯ ಬಲಭಾಗದಲ್ಲಿ ಗಟ್ಟಿಯಾದದ್ದೇನೋ ತಾಕಿತು. ಕಲಬುರಗಿಯ ಡಾಕ್ಟರು ಸ್ಕ್ಯಾನ್ ಮಾಡಿಸಿ, ಮೂತ್ರಪಿಂಡದಲ್ಲಿ ಗಡ್ಡೆ ಇದೆ, ಮಕ್ಕಳಲ್ಲಿ ಬರುವ ಒಂದು ಬಗೆಯ ಕ್ಯಾನ್ಸರ್ ಇರಬಹುದು, ತಡಮಾಡದೆ ಹೈದರಾಬಾದಿಗೆ ಒಯ್ಯಿರಿ, ಆಪರೇಷನ್ ಆಗಬೇಕು ಎಂದರು.

ಗಂಗಮ್ಮ ಆಯಿ ಒಪ್ಪಲಿಲ್ಲ. ಅವಳ ಸ್ವಂತ ತಂಗಿಯನ್ನು ಹಿಂದೆ ಹೊಟ್ಟೆಯ ಗಡ್ಡೆಯೆಂದು ದೂರದ ಆಸ್ಪತ್ರೆಗೆ ಒಯ್ದಿದ್ದರು. ಕೊಯ್ಸಿ ತಿರುಗಿ ತಂದದ್ದು ಹೆಣ. "ಕತ್ತರಿ ಹಚ್ಚಿದರ ಹಬ್ಬತದ. ನಾ ಕಣ್ಣಾರೆ ಕಂಡೀನಿ," ಎಂದು ಮೊಮ್ಮಗಳನ್ನು ಮಡಿಲಲ್ಲಿ ಹಿಡಿದುಕೊಂಡು ಕೂತುಬಿಟ್ಟಳು. ಅದರ ಮೇಲೆ ಇನ್ನೊಂದು ಮಾತು: ಅಂಬಿ ಹೊಟ್ಟೆಯಲ್ಲಿದ್ದಾಗ ಗ್ರಹಣ ಹಿಡಿದ ಹೊತ್ತಿನಲ್ಲಿ ಅಕ್ಕ ಅಂಗಳಕ್ಕೆ ಹೋಗಿ ಬಟ್ಟೆ ತಂದಿದ್ದಳು. "ಅವತ್ತೇ ಹೇಳಿದ್ದೆ," ಎಂದಳು ಆಯಿ. ಅಕ್ಕ ಉಣ್ಣುವುದು ಬಿಟ್ಟಳು. ನಾನು ಹೋದಾಗ ನನ್ನ ಕೈ ಹಿಡಿದು ಒಂದೇ ಮಾತು ಕೇಳಿದಳು: "ನಾನೇ ಮಾಡಿದೆನೇನ?"

ನಾನು ಸ್ಕ್ಯಾನಿನ ಕಾಗದ ಇಸಿದುಕೊಂಡು ಕಲಬುರಗಿಗೆ ಮರಳಿದೆ. ಮರುದಿನ ಮೇಡಂ ಅವರ ಪ್ರಯೋಗಶಾಲೆಗೆ ಹೋಗಿ ಸ್ಕ್ಯಾನಿನ ಕಾಗದ ತೋರಿಸಿ ಅತ್ತೆ. ಅವರು ಓದಿ, ಸ್ಟೋವು ಆರಿಸಿ, ಚಪ್ಪಲಿ ಮೆಟ್ಟಿದರು. "ನಡಿ. ಕಮಲಾಪುರದ ಬಸ್ಸು ಈಗದ."

ಅಕ್ಕನ ಮನೆ ಮುಟ್ಟಿದಾಗ ಆಯಿ ಬಾಗಿಲಲ್ಲೇ ಇದ್ದಳು. ಮೇಡಂ ಅವರನ್ನು ನೋಡಿದೊಡನೆ ಗುರುತು ಹಿಡಿದಳು.

"ಭಾಗಮ್ಮನ ಮಗಳಲ್ಲ ನೀ? ಬಾ, ಕುಂದ್ರು," ಎಂದು ಹೊರಗಿನ ಕಟ್ಟೆ ತೋರಿಸಿದಳು.

ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಮೇಡಂ ಕಟ್ಟೆಯ ಕಡೆ ನೋಡಲೂ ಇಲ್ಲ.

"ಕೂಸು ಎಲ್ಲದ ಆಯಿ? ನಾ ಕೂಸಿನ ಹಂತ್ಯಾಕ ಕುಂದ್ರತೀನಿ," ಎನ್ನುತ್ತ ಚಪ್ಪಲಿ ಬಿಟ್ಟು ಒಳಗೆ ನಡೆದರು. ಸಿಟ್ಟಿರಲಿಲ್ಲ, ಸವಾಲೂ ಇರಲಿಲ್ಲ. ತರಗತಿಯೊಳಗೆ ಹೋಗುವ ಹಾಗೆ ಹೋದರು. ಭಾವ ಗೋಡೆಗೆ ಆನಿಸಿದ್ದ ಬೆನ್ನು ಎತ್ತಿ ನೆಟ್ಟಗೆ ನಿಂತ. ಆಯಿ ಅವರ ಹಿಂದೆಯೇ ಒಳಗೆ ಬಂದಳು.

ಅಂಬಿ ಚಾಪೆಯ ಮೇಲೆ ಬಟ್ಟೆಯ ಗೊಂಬೆ ಹಿಡಿದು ಕೂತಿದ್ದಳು. ಮೇಡಂ ನೆಲದ ಮೇಲೆ ಕೂತು, ಗೊಂಬೆಯ ಹೆಸರು ಕೇಳಿ, ಅದಕ್ಕೊಂದು ಮುತ್ತು ಕೊಟ್ಟು, ಆಮೇಲೆ ಕೂಸಿನ ಪುಟ್ಟ ಕೈಯನ್ನು ತಮ್ಮ ಅಂಗೈಯಲ್ಲಿ ಬಿಡಿಸಿಟ್ಟುಕೊಂಡರು.

"ಆಯಿ, ಹೊಟ್ಟ್ಯಾಗ ಇದ್ದಾಗ ಈ ಕೈ ಹಿಂಗ ಇರಲಿಲ್ಲ. ಮೊದಲ ಬೆರಳೇ ಇಲ್ಲದ ಚಪ್ಪಟಿ ಸೌಟಿನಂಗ ಇತ್ತು. ಆಮ್ಯಾಲ ನಡುವಿನ ಮಾಂಸ ತಾನೇ ಸತ್ತು, ಸಂದು ಬಿದ್ದು, ಬೆರಳು ಬಿಡಿಬಿಡಿ ಆದವು. ಇಲ್ಲಿ ಬೆಳಿ, ಇಲ್ಲಿ ನಿಂದ್ರು ಅಂತ ಹೇಳೋವು ಒಳಗೇ ಇರ್ತಾವ. ಕಿಡ್ನಿನೂ ಹಂಗೇ ಕಟ್ಟತಾವ. ಕಟ್ಟೋದು ಮುಗದ ಮ್ಯಾಲ 'ಸಾಕು, ಇನ್ನ ಬೆಳಿಬ್ಯಾಡ್ರಿ, ಕೆಲಸ ಮಾಡ್ರಿ' ಅಂತ ಹೇಳಬೇಕಲ್ಲ? ಡಾಕ್ಟರ್ ಬರದದ್ದು ಖರೇ ಇದ್ದರ, ಈ ಕೂಸಿನ ಕಿಡ್ನ್ಯಾಗ ಒಂದಿಷ್ಟು ಕಣಕ್ಕ ಆ ಮಾತು ಮುಟ್ಟಿಲ್ಲ. ಅವು ಇನ್ನೂ ಹೊಟ್ಟ್ಯಾಗೇ ಇದ್ದೀವಿ ಅಂತ ತಿಳದು ಬೆಳೀಲಾಕತ್ತಾವ. ಅದೇ ಗಡ್ಡಿ."

"ಗ್ರಹಣ?" ಎಂದಳು ಆಯಿ.

"ಗ್ರಹಣದಾಗ ನಮ್ಮವ್ವ ನಿಮ್ಮ ಹೊಲದಾಗೇ ಕಸ ತಗೀತಿದ್ದಳು. ನಾ ಹೊಟ್ಟ್ಯಾಗಿದ್ದೆ. ಅವತ್ತ ಯಾರೂ ಅಕಿಗಿ ಮನಿಗಿ ಹೋಗು ಅನ್ನಲಿಲ್ಲ. ನೋಡ್ರಿ, ನನಗೇನಾಗ್ಯಾದ? ಬಾಯಿ ಜರಾ ದೊಡ್ಡದಾಗ್ಯಾದ, ಅಷ್ಟೇ."

ಆಯಿಯ ತುಟಿ ಅಲುಗಿತು. ತಡೆದುಕೊಳ್ಳಲು ನೋಡಿದಳು, ಆಗಲಿಲ್ಲ. ಸೆರಗು ಬಾಯಿಗೆ ಹಚ್ಚಿ ನಕ್ಕಳು. ಎಷ್ಟೋ ದಿನದ ಮೇಲೆ ಆ ಮನೆಯಲ್ಲಿ ಕೇಳಿದ ನಗು ಅದು. ದೊಡ್ಡವರು ನಕ್ಕದ್ದು ನೋಡಿ ಅಂಬಿಯೂ ನಕ್ಕಳು.

ನಗು ಮುಗಿದ ಮೇಲೆ ಆಯಿ ಕೇಳಿದಳು: "ಬೆಳೆಯೋದು ನಿಂದ್ರಸಾಕ ಮದ್ದು ಕೊಡತಾರಂತ. ಹಂಗಾದ್ರ ಕೂಸು ಬೆಳೆಯೋದೂ ನಿಂದ್ರತದೇನು?"

ಮೇಡಂ ಅವರ ಕಣ್ಣು ಅಗಲವಾದವು. "ಎಂಥಾ ಮಾತು ಕೇಳಿದ್ರಿ ಆಯಿ! ನನಗ ಗೊತ್ತಿಲ್ಲ! ಹೈದರಾಬಾದಿನ ಡಾಕ್ಟರಿಗಿ ಕೇಳಬೇಕು. ನೀವೇ ನಡೀರಿ, ನೀವೇ ಕೇಳ್ರಿ."

ಹೊರಡುವ ಮೊದಲು ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿದ್ದ ಅಕ್ಕನ ಬಳಿ ಹೋಗಿ ಅವಳ ಎರಡೂ ಭುಜ ಹಿಡಿದರು. "ಕೇಳವಾ ತಂಗಿ. ಯಾಕ ಈ ಕೂಸಿಗೇ ಬಂತು ಅಂದ್ರ ಅದು ನನಗ ಗೊತ್ತಿಲ್ಲ. ಯಾರಿಗೂ ಪೂರಾ ಗೊತ್ತಿಲ್ಲ. ಆದರ ನೀ ಮಾಡಿದ್ದಲ್ಲ. ಅದು ನನಗ ಗೊತ್ತದ." ಅಕ್ಕ ಅವರ ಹೆಗಲಿಗೆ ಮುಖ ಇಟ್ಟು ಅತ್ತಳು. ಆಮೇಲೆ ನಾಲ್ಕು ಮಂದಿಗೆ ಚಹಾ ಕುದಿಸಿದಳು. ಎಲ್ಲರಿಗೂ ಒಂದೇ ತರದ ಸ್ಟೀಲಿನ ಲೋಟ. ಆಯಿ ನೋಡಿದಳು, ತನ್ನ ಲೋಟ ಎತ್ತಿಕೊಂಡಳು.

ಹೈದರಾಬಾದಿಗೆ ಮೇಡಂ ರಜೆ ಹಾಕಿ ನಮ್ಮ ಜೊತೆ ಬಂದರು. ಆಯಿಯೂ ಬಂದಳು. ಡಾಕ್ಟರ ಎದುರು ಕುರ್ಚಿಯಲ್ಲಿ ಕೂಡದೆ ನಿಂತೇ ತನ್ನ ಪ್ರಶ್ನೆ ಕೇಳಿದಳು, ಮೇಡಂ ಅದನ್ನು ಉರ್ದುವಿನಲ್ಲಿ ಹೇಳಿದರು. ಡಾಕ್ಟರು ಪೆನ್ನು ಕೆಳಗಿಟ್ಟು, ಔಷಧಿಯಿಂದ ಕೂದಲು ಉದುರುತ್ತದೆ, ತಿರುಗಿ ಬರುತ್ತದೆ, ಕೂಸು ಸ್ವಲ್ಪ ದಿನ ಸೊರಗುತ್ತದೆ, ಬೆಳವಣಿಗೆಯನ್ನು ನಾವು ವರ್ಷ ವರ್ಷ ನೋಡುತ್ತಲೇ ಇರುತ್ತೇವೆ, ಒಂದು ಕಿಡ್ನಿಯಲ್ಲಿ ಚೆನ್ನಾಗಿ ಬದುಕಬಹುದು ಎಂದು ಸಮಾಧಾನವಾಗಿ ಹೇಳಿದರು. ಆಯಿ ಕೇಳಿ, "ಇವರು ಸುಳ್ಳು ಹೇಳೋ ಮನಿಶಾನಂಗ ಕಾಣಂಗಿಲ್ಲ," ಎಂದು ಕನ್ನಡದಲ್ಲಿ ಅವರೆದುರಿಗೇ ತೀರ್ಪು ಕೊಟ್ಟಳು.

ಆಪರೇಷನ್ ನಡೆದಷ್ಟು ಹೊತ್ತು ಆಯಿಯೂ ಮೇಡಂ ಅವರೂ ಒಂದೇ ಬೆಂಚಿನ ಮೇಲೆ ಕೂತಿದ್ದರು. ಯಾರು ಯಾರ ಕೈ ಮೊದಲು ಹಿಡಿದರೋ ನಾನು ನೋಡಲಿಲ್ಲ. ನಾನು ನೋಡಿದಾಗ ಹಿಡಿದುಕೊಂಡಿದ್ದರು.

ಕೆಲವು ದಿನಗಳ ಮೇಲೆ ಮೇಡಂ ಅಲ್ಲಿನ ಪರೀಕ್ಷಾ ವಿಭಾಗದವರನ್ನು ಕಾಡಿ ಬೇಡಿ, ಗಡ್ಡೆಯ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಬಂದರು. ಅವರ ಮುಖದಲ್ಲಿ ಆಶ್ಚರ್ಯ ಇತ್ತು, ಕಣ್ಣು ಮಾತ್ರ ಒದ್ದೆಯಾಗಿತ್ತು. "ಸಣ್ಣ ಸಣ್ಣ ನಳಿಗಿ ಕಟ್ಟಲಾಕ ಹೊಂಟಾವ ನೋಡವಾ ಅವು," ಎಂದರು ನನಗೆ. "ಅರ್ಧಮರ್ಧ ಕಟ್ಟಿ, ಮುಗಸಾಕ ಬರದೆ, ಮತ್ತ ಮತ್ತ ಶುರು ಮಾಡ್ಯಾವ. ಆರು ತಿಂಗಳ ಪಿಂಡದ ಕಿಡ್ನಿ ನೋಡಿದಂಗ ಆತು. ವೈರಿ ನೋಡಾಕ ಹೋಗಿದ್ದೆ ನಾ. ಅಲ್ಲಿ ನೋಡಿದರ ನಮ್ಮ ಅಂಬಿನೇ."

ಮುಂದಿನ ಹಲವು ತಿಂಗಳು ಔಷಧಿಗಾಗಿ ಹೈದರಾಬಾದಿಗೆ ಓಡಾಡಿದೆವು. ಅಂಬಿಯ ಕೂದಲು ಉದುರಿದಾಗ ಅಕ್ಕ ಕಂಗಾಲಾದಳು, ಆಯಿ ಆಗಲಿಲ್ಲ. ಓಣಿಯವರು ಏನಾದರೂ ಅಂದರೆ ಅಂಬಿಯ ಕೈಯನ್ನೇ ಬಿಡಿಸಿ ಹಿಡಿದು, "ಹೊಟ್ಟ್ಯಾಗ ಇದ್ದಾಗ ಇದು ಸೌಟಿನಂಗ ಇತ್ತು, ಗೊತ್ತದೇನು ನಿಮಗ?" ಎಂದು ಶುರು ಮಾಡುತ್ತಿದ್ದಳು. ಅವಳ ಪಾಠದಲ್ಲಿ ಕಿಡ್ನಿಯೂ ಬೆರಳೂ ಒಂದಕ್ಕೊಂದು ಕಲೆಸಿಹೋಗಿದ್ದವು. ಮೇಡಂ ಕಿವಿಗೆ ಅದು ಬಿದ್ದಾಗ, "ತಿದ್ದಬ್ಯಾಡ ಬಿಡು. ಅಕಿ ನನಕಿಂತ ಛಲೋ ಹೇಳ್ತಾಳ," ಎಂದು ಬಿದ್ದು ಬಿದ್ದು ನಕ್ಕರು. ಕೂದಲು ತಿರುಗಿ ಬಂತು, ಗುಂಗುರಾಗಿ. ಅಂಬಿ ಶಾಲೆಗೆ ಸೇರಿದಳು. ವರ್ಷ ವರ್ಷದ ತಪಾಸಣೆಯಲ್ಲೂ ಏನೂ ಕಾಣಿಸಲಿಲ್ಲ. ಓಟದಲ್ಲಿ ಬಹುಮಾನ ತಂದ ದಿನ ಭಾವ ಪೇಢೆ ಹಿಡಿದುಕೊಂಡು ಮೊದಲು ಹೋದದ್ದು ಮೇಡಂ ಅವರ ತಾಯಿಯ ಮನೆಗೆ.

ಭಾಗಮ್ಮ ತೀರಿಕೊಂಡ ಮೇಲೆ ಮೇಡಂ ನಿವೃತ್ತರಾಗಿ ನಾಗಪುರದಲ್ಲಿದ್ದ ತಂಗಿಯ ಹತ್ತಿರ ಹೋದರು. ಅಲ್ಲಿಂದ ಫೋನು ಮಾಡುತ್ತಿದ್ದರು. ಯಾವುದೋ ಹೊಸ ಜೀನಿನ ಸುದ್ದಿ ಓದಿರುತ್ತಿದ್ದರು, ನನಗೆ ಅರ್ಧವೂ ತಿಳಿಯುತ್ತಿರಲಿಲ್ಲ. ಕೆಲವು ವರ್ಷಗಳ ಮೇಲೆ ಒಂದು ಬೆಳಿಗ್ಗೆ ಅವರ ತಂಗಿಯ ಫೋನು ಬಂತು. ಮಲಗಿದ್ದವರು ಏಳಲಿಲ್ಲವಂತೆ.

ನಾನು ಅವರನ್ನು ಕೊನೆಯ ಸಲ ಕಂಡದ್ದು ಅವರು ಊರು ಬಿಟ್ಟ ದಿನ, ಕಲಬುರಗಿಯ ರೈಲು ನಿಲ್ದಾಣದಲ್ಲಿ. ಹಳೆಯ ವಿದ್ಯಾರ್ಥಿಗಳು ಬಹಳ ಮಂದಿ ಬಂದಿದ್ದರು. ರೈಲು ಬರುವ ಹೊತ್ತಿಗೆ ಕಮಲಾಪುರದಿಂದ ಗಂಗಮ್ಮ ಆಯಿಯೂ ಬಂದಳು, ಆಗಲೇ ಸೊಂಟ ಬಾಗಿತ್ತು. ತನಗಿಂತ ಎತ್ತರಕ್ಕೆ ಬೆಳೆದಿದ್ದ ಅಂಬಿಯ ತೋಳು ಹಿಡಿದುಕೊಂಡು ಗುಂಪಿನ ನಡುವೆ ದಾರಿ ಮಾಡಿಕೊಂಡಳು. ಖಡಕ್ ರೊಟ್ಟಿಯ ಗಂಟನ್ನು ಮೇಡಂ ಅವರ ಕೈಗೆ ಕೊಟ್ಟಳು. ಮೇಡಂ ಏನೋ ತಮಾಷೆ ಮಾಡಲು ಬಾಯಿ ತೆರೆದರು.

ಆಯಿ ಎರಡೂ ಕೈ ಎತ್ತಿ ಅವರ ದುಂಡು ಮುಖವನ್ನು ಮೇಲಿಂದ ಕೆಳಗಿನವರೆಗೆ ಸವರಿದಳು. ಆ ಕೈಗಳನ್ನು ತನ್ನ ಹಣೆಯ ಎರಡೂ ಬದಿಗೆ ಒತ್ತಿ ಲಟಲಟನೆ ಲಟಿಕೆ ಮುರಿದು ದೃಷ್ಟಿ ತೆಗೆದಳು, ಹೆತ್ತ ಮಗಳಿಗೆ ತೆಗೆಯುವ ಹಾಗೆ. ದೃಷ್ಟಿ, ಗ್ರಹಣ ಅಂದರೆ ಯಾರನ್ನೂ ಬಿಡದೆ ಜಗಳಕ್ಕೆ ನಿಲ್ಲುತ್ತಿದ್ದ ಸುಶೀಲಾ ಮೇಡಂ ಅವತ್ತು ಒಂದು ಮಾತೂ ಆಡಲಿಲ್ಲ. ಬಾಗಿದ ಮುದುಕಿಯ ಕೈಗೆ ಸುಲಭವಾಗಲೆಂದು ತಲೆಯನ್ನು ಇನ್ನಷ್ಟು ತಗ್ಗಿಸಿ ನಿಂತರು.